ಶಾಲೆಗೆ ಎಷ್ಟು ಮತ ಬೇಕು?

ಮತದಾನ ಎಂದೊಡನೆ ನಿಮಗೆ ಶಾಸಕರು, ಸಂಸದರು, ಪಂಚಾಯಿತಿ ಸದಸ್ಯರು ನೆನಪಾಗುತ್ತಾರೆ. ನಾವು ಪ್ರತಿನಿಧಿಯನ್ನು ಆರಿಸುತ್ತೇವೆ. ತೆರಿಗೆಯ ಲೆಕ್ಕ ಅವರಿಗೆ ಬಿಟ್ಟದ್ದು. ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಸಂಬಳ ರಾಜ್ಯದ ಬೊಕ್ಕಸದಿಂದ ಬರುತ್ತದೆ. ಅಮೆರಿಕದಲ್ಲಿ ಕ್ರಮ ಬೇರೆ. ಅಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲನ್ನು ಊರಿನ ಮನೆಕಂದಾಯವೇ ಹೊರುವುದು ಹಳೆಯ ರೂಢಿ. ಅನೇಕ ಕಡೆ ಕಂದಾಯ ಏರಿಸಬೇಕೇ ಬೇಡವೇ ಎಂಬುದನ್ನು ಜನರೇ ಮತ ಹಾಕಿ ತೀರ್ಮಾನಿಸುತ್ತಾರೆ. ಈ ಪದ್ಧತಿಯ ಒಳಿತು ಕೆಡುಕು ಎರಡನ್ನೂ ಕ್ಯಾಲಿಫೋರ್ನಿಯಾ ರಾಜ್ಯದ ಇತಿಹಾಸದಲ್ಲಿ ಕಾಣಬಹುದು.

ಮೊದಲು ಎರಡು ಊರುಗಳನ್ನು ನೋಡಿ. 1968-69ರಲ್ಲಿ ಬಡವರ ಬಾಲ್ಡ್‌ವಿನ್ ಪಾರ್ಕ್‌ನಲ್ಲಿ ಆಸ್ತಿಯ ಮೌಲ್ಯ 100 ಡಾಲರಿಗೆ 5.48 ಡಾಲರ್ ಶಾಲಾ ತೆರಿಗೆ. ಸಿರಿವಂತರ ಬೆವರ್ಲಿ ಹಿಲ್ಸ್‌ನಲ್ಲಿ 2.38 ಡಾಲರ್. ಆದರೆ ಒಬ್ಬ ವಿದ್ಯಾರ್ಥಿಗಾಗಿ ಮೊದಲ ಊರು ಖರ್ಚು ಮಾಡಿದ್ದು ಸುಮಾರು 577 ಡಾಲರ್, ಎರಡನೆಯದು 1,232 ಡಾಲರ್! ಹೆಚ್ಚು ತೆರಿಗೆ ಕೊಟ್ಟವರಿಗೆ ಕಡಿಮೆ ಶಾಲೆ. ಕಾರಣ ಸರಳ: ಒಂದು ಊರಿನ ಮನೆಗಳು ಅಗ್ಗ, ಇನ್ನೊಂದರವು ದುಬಾರಿ. ಈ ವ್ಯವಸ್ಥೆ ಸಮಾನತೆಗೆ ವಿರುದ್ಧವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1971ರಲ್ಲಿ ಸೆರಾನೊ ಮೊಕದ್ದಮೆಯಲ್ಲಿ ಹೇಳಿತು; 1976ರಲ್ಲಿ ಅದನ್ನು ಎತ್ತಿಹಿಡಿಯಿತು.

ಅದೇ ದಶಕದಲ್ಲಿ ಅಲ್ಲಿ ಮನೆಗಳ ಬೆಲೆ ಗಗನಕ್ಕೇರಿತು, ಜೊತೆಗೆ ಕಂದಾಯವೂ ಏರಿತು. ಪಿಂಚಣಿಯಲ್ಲಿ ಬದುಕುವ ವೃದ್ಧರಿಗೆ ಮನೆಯ ಬೆಲೆ ಏರಿದರೇನು, ಕೈಗೆ ಬರುವ ಹಣ ಏರಲಿಲ್ಲ. ಅವರ ಅಳಲು ಸುಳ್ಳಾಗಿರಲಿಲ್ಲ. ಹೋವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಎಂಬವರು ಸಹಿ ಸಂಗ್ರಹಿಸಿ 13ನೇ ಪ್ರಸ್ತಾವವನ್ನು ಜನರ ಮುಂದಿಟ್ಟರು. 1978ರ ಜೂನ್ 6ರಂದು ಸುಮಾರು ಶೇಕಡಾ 65 ಮತದಾರರು ಒಪ್ಪಿದರು.

ಅದರಂತೆ ಕಂದಾಯ ಆಸ್ತಿಮೌಲ್ಯದ ಶೇಕಡಾ 1ನ್ನು ಮೀರುವಂತಿಲ್ಲ. ಮೌಲ್ಯವನ್ನು 1975ರ ಮಟ್ಟಕ್ಕೆ ಇಳಿಸಬೇಕು. ಮನೆ ಮಾರಾಟವಾಗುವವರೆಗೆ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರಿಸಬಾರದು. ನೀವೇ ಲೆಕ್ಕ ಹಾಕಿ. 1975ರಲ್ಲಿ 50,000 ಡಾಲರ್ ಬೆಲೆಯ ಮನೆಗೆ 20 ವರ್ಷಗಳ ನಂತರ ಕಂದಾಯ ಸುಮಾರು 743 ಡಾಲರ್. ಪಕ್ಕದ ಅಂಥದೇ ಮನೆಯನ್ನು ಆಗ 2,00,000 ಡಾಲರಿಗೆ ಕೊಂಡವರಿಗೆ 2,000 ಡಾಲರ್!

ಕಂದಾಯದ ಆದಾಯ ಸುಮಾರು ಅರ್ಧಕ್ಕೆ ಇಳಿಯಿತು. ಬೇಸಿಗೆ ಶಾಲೆಗಳು ಹಲವೆಡೆ ನಿಂತವು. ಕೊರತೆ ತುಂಬಲು ರಾಜ್ಯ ಸರ್ಕಾರ ಮುಂದಾಯಿತು. ಶಾಲೆಯ ಹಣದ ಬೀಗದ ಕೈ ಊರಿನಿಂದ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಯಿತು.

ಇನ್ನೊಂದು ಷರತ್ತಿತ್ತು: ನಿರ್ದಿಷ್ಟ ಉದ್ದೇಶಕ್ಕಾಗಿ ಊರು ಹೊಸ ತೆರಿಗೆ ಹಾಕಲು ಮೂರರಲ್ಲಿ ಎರಡು ಪಾಲು ಮತ ಬೇಕು. ಅಂದರೆ ನೂರು ಜನರಲ್ಲಿ 66 ಮಂದಿ ಹೌದೆಂದರೂ 34 ಮಂದಿಯ 'ಇಲ್ಲ' ಗೆಲ್ಲುತ್ತದೆ. ಇಂಥ ನಿಯಮ ತರಲು ಬೇಕಾಗಿದ್ದುದಾದರೋ ಸರಳ ಬಹುಮತ ಮಾತ್ರ. ಶಾಲಾ ಕಟ್ಟಡಕ್ಕಾಗಿ ಸಾಲ ಎತ್ತಿ ಅದನ್ನು ಕಂದಾಯದಿಂದ ತೀರಿಸಲೂ ಮೂರರಲ್ಲಿ ಎರಡು ಪಾಲು ಮತ ಬೇಕಾಗಿತ್ತು. 2000ದ ನವೆಂಬರಿನಲ್ಲಿ 39ನೇ ಪ್ರಸ್ತಾವ ಅದನ್ನು ಶೇಕಡಾ 55ಕ್ಕೆ ಇಳಿಸಿತು. ಆ ಪ್ರಸ್ತಾವಕ್ಕೆ ಬಿದ್ದ ಒಪ್ಪಿಗೆ ಸುಮಾರು ಶೇಕಡಾ 53!

ಯಾರು ಮತ ಹಾಕಿದರು ಎಂದಷ್ಟೇ ಕೇಳಿದರೆ ಸಾಲದು, ಎಷ್ಟು ಮತ ಬೇಕೆಂದು ಯಾರು ನಿಶ್ಚಯಿಸಿದರು ಎಂದೂ ಕೇಳಬೇಕು. 1978ರ ಆ ದಿನ ಮತಗಟ್ಟೆಗೆ ಹೋದವರು ಇನ್ನೂ ಹುಟ್ಟದ ಮಕ್ಕಳ ತರಗತಿಗಳ ಬಗ್ಗೆಯೂ ತೀರ್ಪು ಕೊಟ್ಟರು. ಶಾಲೆಗೆ ಹೋಗುವ ಮಕ್ಕಳಿಗೆ ಮತವಿಲ್ಲ. ಹದಿನೆಂಟು ತುಂಬಿದಾಗ ನಿಮಗದು ಬರುತ್ತದೆ. ಆಗ ನಿಮಗಿಂತ ಚಿಕ್ಕವರನ್ನು ನೆನೆಯುವಿರಾ?