ಬದುವಿನ ಅಂಕಿ: ಫ್ಲೋಸಾಲ್ವರ್ ಮತ್ತು ಹಂಚಿಕೊಂಡ ಮೆಮೊರಿ

ಆದವಾನಿಯ ಹತ್ತಿ ಬೆಳೆಗಾರನಿಗೆ ನಾಳಿನ ಮಳೆಯ ಲೆಕ್ಕ ನಾಡಿದ್ದು ಸಿಕ್ಕರೆ ಏನು ಪ್ರಯೋಜನ? ಸಿಮ್ಯುಲೇಶನ್ ಚರಿತ್ರೆಯನ್ನ ಈ ಗಡುವಿನಿಂದಲೇ ಓದಬೇಕು ಅನ್ನೋದು ನನ್ನ ವಾದ. 1986ರಲ್ಲಿ ಬೆಂಗಳೂರಿನ ಎನ್‌ಎಎಲ್ ನಾಲ್ಕು ಪ್ರೊಸೆಸರ್‌ಗಳ ಫ್ಲೋಸಾಲ್ವರ್ ಕಟ್ಟಿತು. ಅದರ ಮುಂದಿನ ತಲೆಮಾರುಗಳು ಹವಾಮಾನಕ್ಕೂ ದುಡಿದವು. ಗಾಳಿಯ ಲೆಕ್ಕವನ್ನ ಪಾಲು ಮಾಡೋದು ಸುಲಭ, ತಂಟೆ ಇರೋದು ಬದುವಿನಲ್ಲಿ. ಪಕ್ಕದ ಪಾಲಿನ ಅಂಚಿನ ಅಂಕಿ ಬಾರದೆ ಮುಂದಿನ ಹೆಜ್ಜೆ ಇಡೋಕಾಗಲ್ಲ. ಎಲ್ಲರಿಗೂ ಒಂದೇ ಮೆಮೊರಿ ಅಂದ್ರೆ ಅಲ್ಲೇ ನೂಕುನುಗ್ಗಲು. ಒಬ್ಬೊಬ್ಬರಿಗೊಂದು ನಕಲು ಕೊಟ್ರೆ, ಯಾರ ನಕಲು ಹಳೇದು ಅನ್ನೋ ತಕರಾರು.

ಅದೇ ದಶಕದಲ್ಲಿ ಅಮೆರಿಕದ ಸಿಮ್‌ನೆಟ್ ಬೇರೆ ದಾರಿ ಹಿಡಿಯಿತು: ಎದುರಿನ ಟ್ಯಾಂಕ್ ಎಲ್ಲಿದೆ ಅಂತ ಅದರ ವೇಗದಿಂದ ಊಹಿಸೋದು, ಊಹೆ ಹೆಚ್ಚು ತಪ್ಪಿದಾಗ ಮಾತ್ರ ಸುದ್ದಿ ಕಳಿಸೋದು. ಟ್ಯಾಂಕಿಗೆ ಸರಿ. ಮುಂಗಾರಿಗೆ ನಡೆಯಲ್ಲ, ಅಂಚಿನ ಸಣ್ಣ ತಪ್ಪೂ ಅಲ್ಲಿ ಬೆಳೆಯುತ್ತಾ ಹೋಗುತ್ತೆ.