ಕೋಟಾ ಶಿಲಾಸ್ತರ: ಗೋದಾವರಿ ಕಣಿವೆಯ ಡೈನೋಸಾರ್ ಭಂಡಾರ

ಡೈನೋಸಾರ್ ನೋಡಲು ಹೊರದೇಶಕ್ಕೇ ಹೋಗಬೇಕೆಂದಿಲ್ಲ. ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ಕೋಟಾಸಾರಸ್ ಎಂಬ ಡೈನೋಸಾರ್‌ನ ಅಸ್ಥಿಪಂಜರವಿದೆ. ಈ ಮೂಳೆಗಳು ಸಿಕ್ಕಿದ್ದು ಪ್ರಾಣಹಿತಾ–ಗೋದಾವರಿ ಕಣಿವೆಯ ಕೋಟಾ ಶಿಲಾಸ್ತರದಲ್ಲಿ.

ಎಲ್ಲಿದೆ, ಏನಿದೆ?

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಸಿರೋಂಚಾ ತಾಲ್ಲೂಕಿನಲ್ಲಿ, ಪ್ರಾಣಹಿತಾ ನದಿಯ ದಡದಲ್ಲಿರುವ ಕೋಟಾ ಗ್ರಾಮದಿಂದ ಇದಕ್ಕೆ ಈ ಹೆಸರು ಬಂದಿದೆ. ನದಿಯಾಚೆ ತೆಲಂಗಾಣದ ಹಳೆಯ ಅದಿಲಾಬಾದ್ ಜಿಲ್ಲೆಯ ಕಡೆಗೂ ಇದು ಹಬ್ಬಿದೆ. ಕೆಳಗೆ ನದಿ ತಂದು ಹಾಕಿದ ಮರಳುಗಲ್ಲು ಮತ್ತು ಕೆಂಪು ಜೇಡಿ, ಅದರ ಮೇಲೆ ಸರೋವರದಲ್ಲಿ ಕೂಡಿದ ಸುಣ್ಣದಕಲ್ಲು. ಇದರ ಕಾಲ ಆದಿ ಜುರಾಸಿಕ್ ಎಂಬುದು ಬಹುಕಾಲದ ಅಭಿಪ್ರಾಯ. ಮೇಲಿನ ಪದರಗಳು ಮಧ್ಯ ಜುರಾಸಿಕ್ ಕಾಲದವು ಎಂಬ ವಾದವೂ ಇದೆ.

ಬರಾಪಾಸಾರಸ್

ಕೋಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯ ತಂಡ ಪೋಚಂಪಲ್ಲಿ ಗ್ರಾಮದ ಬಳಿ ಸುಮಾರು 300 ಮೂಳೆಗಳನ್ನು ಅಗೆದು ತೆಗೆಯಿತು (ಸೀರೆಗೆ ಹೆಸರಾದ ಪೋಚಂಪಲ್ಲಿ ಬೇರೆ). ಇವು ಕನಿಷ್ಠ 6 ಪ್ರಾಣಿಗಳವು. ಜೊತೆಯಲ್ಲೇ ಕಲ್ಲಾದ ಮರದ ಕಾಂಡಗಳೂ ಇದ್ದವು. ದೊಡ್ಡ ಅಗೆತ ನಡೆದ 1961 ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ವರ್ಷ. ಹಾಗಾಗಿ 1975ರಲ್ಲಿ ಇಟ್ಟ ಹೆಸರು ಬರಾಪಾಸಾರಸ್ ಟಾಗೋರೈ. ಬಂಗಾಳಿಯಲ್ಲಿ 'ಬಡಾ ಪಾ' ಎಂದರೆ ದೊಡ್ಡ ಕಾಲು. ಕೆಲವು ಹಲ್ಲುಗಳು ಸಿಕ್ಕರೂ ತಲೆಬುರುಡೆ ಸಿಗಲಿಲ್ಲ.

ಕೋಟಾಸಾರಸ್

ಯಮನಪಲ್ಲಿ ಬಳಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸಂಗ್ರಹಿಸಿದ ಮೂಳೆಗಳಿಗೆ 1988ರಲ್ಲಿ ಪಿ. ಯಾದಗಿರಿ ಕೋಟಾಸಾರಸ್ ಯಮನಪಲ್ಲಿಯೆನ್ಸಿಸ್ ಎಂದು ಹೆಸರಿಟ್ಟರು. ಉದ್ದ ಸುಮಾರು 9 ಮೀಟರ್. ಎರಡೂ ಉದ್ದ ಕತ್ತಿನ ಸಸ್ಯಾಹಾರಿಗಳು. ಈ ಬಳಗ ದೈತ್ಯಾಕಾರಕ್ಕೆ ಬೆಳೆಯಲು ತೊಡಗಿದ ಕಾಲದ ಇಷ್ಟೊಂದು ಮೂಳೆಗಳು ಜಗತ್ತಿನಲ್ಲಿ ಸಿಕ್ಕಿರುವುದು ಕೆಲವೇ ಕಡೆ. ಕೋಟಾದ ಮಹತ್ವವೇ ಅದು.

ಚಿಕ್ಕವೂ ಇವೆ

ಇಲ್ಲಿನ ಮೀನಿನ ಪಳೆಯುಳಿಕೆ ಲೆಪಿಡೋಟಿಸ್ ಡೆಕ್ಕನೆನ್ಸಿಸ್ 1851ರಲ್ಲೇ ಜಗತ್ತಿಗೆ ಪರಿಚಯವಾಗಿತ್ತು. ಹಾರುವ ಸರೀಸೃಪದ ಕುರುಹುಗಳೂ ವರದಿಯಾಗಿವೆ. 1981ರಲ್ಲಿ ಹೆಸರು ಪಡೆದ ಕೋಟಾಥೀರಿಯಂ ಹಾಲ್ಡೇನಿ ಒಂದು ಪುಟ್ಟ ಸಸ್ತನಿ, ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಅವರ ನೆನಪಿನ ಹೆಸರು ಅದಕ್ಕಿದೆ. ದೈತ್ಯರ ಕಾಲಡಿಯಲ್ಲೇ ನಮ್ಮ ದೂರದ ಬಂಧುಗಳೂ ಬದುಕಿದ್ದವು!

ಮೂಳೆ ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂಬುದರಿಂದಲೇ ಅದರ ಕಾಲ ಮತ್ತು ಪರಿಸರ ತಿಳಿಯುವುದು. ಕಿತ್ತು ಮನೆಗೆ ಒಯ್ದರೆ ಉಳಿಯುವುದು ಬರೀ ಕಲ್ಲು. ಅಂಥದ್ದು ಕಣ್ಣಿಗೆ ಬಿದ್ದರೆ ಮುಟ್ಟದೆ ಬಿಟ್ಟು, ಫೋಟೋ ತೆಗೆದು, ಭೂವೈಜ್ಞಾನಿಕ ಸರ್ವೇಕ್ಷಣೆಗೆ ತಿಳಿಸುವುದೇ ಸರಿ.