ಟರ್ನರ್‌ನ ‘ಟ್ರಫಾಲ್ಗರ್ ಕದನ’: ಒಂದೇ ಚಿತ್ರದಲ್ಲಿ ಎರಡು ದಿನ

ಜೆ. ಎಂ. ಡಬ್ಲ್ಯೂ. ಟರ್ನರ್ ತನ್ನ ಜೀವಮಾನದಲ್ಲಿ ರಚಿಸಿದ ಅತ್ಯಂತ ದೊಡ್ಡ ಚಿತ್ರ ‘ಟ್ರಫಾಲ್ಗರ್ ಕದನ’. ಸುಮಾರು 2.6 ಮೀಟರ್ ಎತ್ತರ, 3.7 ಮೀಟರ್ ಅಗಲದ ಈ ತೈಲಚಿತ್ರ ಇಂದು ಲಂಡನ್ನಿನ ಗ್ರೀನಿಚ್‌ನಲ್ಲಿರುವ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯದಲ್ಲಿದೆ. ಸೇಂಟ್ ಜೇಮ್ಸ್ ಅರಮನೆಗಾಗಿ ನಾಲ್ಕನೆಯ ಜಾರ್ಜ್ ದೊರೆ 1822ರಲ್ಲಿ ಇದನ್ನು ಬರೆಯಲು ಹೇಳಿದ. ಚಿತ್ರ ಮುಗಿದದ್ದು 1824ರಲ್ಲಿ. ಟರ್ನರ್‌ಗೆ ಅರಮನೆಯಿಂದ ಬಂದ ಕೆಲಸ ಇದೊಂದೇ. ಅರಮನೆಯಲ್ಲಿ ಇದಕ್ಕೆ ಜೋಡಿಯಾಗಿದ್ದದ್ದು 1794ರ ಜೂನ್ 1ರ ಕದನವನ್ನು ಕುರಿತು ಡಿ ಲೂಥರ್‌ಬರ್ಗ್ 1795ರಲ್ಲಿ ರಚಿಸಿದ ಚಿತ್ರ.

ಚಿತ್ರ ಸಿದ್ಧವಾದಂದಿನಿಂದಲೂ ಅದರ ಮೇಲಿರುವ ಆರೋಪ ಒಂದೇ: ಇದು ನಡೆದದ್ದನ್ನು ನಡೆದಂತೆ ತೋರಿಸುವುದಿಲ್ಲ. ಆರೋಪ ಸುಳ್ಳಲ್ಲ. ಆದರೆ ಚಿತ್ರದ ಕಾಲದೋಷಗಳು ಕಲಾವಿದನ ಅಜಾಗರೂಕತೆಯಿಂದ ಬಂದವಲ್ಲ, ಅವು ಚಿತ್ರದ ಅರ್ಥದ ಭಾಗವೇ ಆಗಿವೆ ಎಂಬುದು ಈ ಲೇಖನದ ವಾದ.

ಮೊದಲು ಕಾಲಕ್ರಮವನ್ನು ನೋಡೋಣ. ಸ್ಪೇನಿನ ನೈಋತ್ಯ ಕರಾವಳಿಯ ಟ್ರಫಾಲ್ಗರ್ ಭೂಶಿರದಾಚೆ 1805ರ ಅಕ್ಟೋಬರ್ 21ರಂದು ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್ನನ 27 ಯುದ್ಧನೌಕೆಗಳು ವಿಲ್‌ನವ್‌ನ ನೇತೃತ್ವದ 33 ಫ್ರೆಂಚ್ ಮತ್ತು ಸ್ಪ್ಯಾನಿಶ್ ನೌಕೆಗಳನ್ನು ಎದುರಿಸಿ ಗೆದ್ದವು. ಪ್ರತಿಯೊಬ್ಬನೂ ತನ್ನ ಕರ್ತವ್ಯ ಮಾಡುವನೆಂದು ಇಂಗ್ಲೆಂಡ್ ನಿರೀಕ್ಷಿಸುತ್ತದೆ ಎಂಬ ಪ್ರಸಿದ್ಧ ಸಂದೇಶದ ಬಾವುಟಗಳು ನೆಲ್ಸನ್ನನ ‘ವಿಕ್ಟರಿ’ ಹಡಗಿನ ಮೇಲೇರಿದ್ದು ಅಂದು ಮಧ್ಯಾಹ್ನ 12ಕ್ಕೆ ಸ್ವಲ್ಪ ಮುಂಚೆ. ಅದರ ಹಿಂಭಾಗದ ಕೂವೆಮರದ ತುದಿ ಮುರಿದದ್ದು ಸುಮಾರು 1 ಗಂಟೆಗೆ. ಫ್ರೆಂಚರ ‘ಅಶೀಲ್’ ಹೊತ್ತಿ ಉರಿದದ್ದು ಇಳಿಹೊತ್ತಿನಲ್ಲಿ. ಫ್ರೆಂಚರದೇ ಆದ ‘ರೆಡೌಟಬಲ್’ ಮುಳುಗಿದ್ದು ಮರುದಿನ. ಟರ್ನರ್‌ನ ಚಿತ್ರದಲ್ಲಿ ಬಾವುಟ ಹಾರುತ್ತಿದೆ, ಕೂವೆಮರ ಬೀಳುತ್ತಿದೆ, ‘ಅಶೀಲ್’ ಉರಿಯುತ್ತಿದೆ, ‘ರೆಡೌಟಬಲ್’ ಮುಳುಗುತ್ತಿದೆ. ಎಲ್ಲವೂ ಒಂದೇ ಕ್ಷಣದಲ್ಲಿ.

ಇದು ದೋಷವೆನಿಸಿದ್ದಕ್ಕೆ ಕಾರಣವಿದೆ: ಸಾಕ್ಷಿ ನುಡಿಯುವ ಹೊಣೆ ಆ ಕಾಲದ ಕಡಲ ಚಿತ್ರಕಾರನ ಮೇಲಿತ್ತು. ಈ ಪರಂಪರೆಯನ್ನು ಇಂಗ್ಲೆಂಡಿಗೆ ತಂದವರು ಡಚ್ಚರಾದ ವಿಲೆಮ್ ವಾನ್ ಡೆ ವೆಲ್ಡೆ ತಂದೆ-ಮಗ. ತಂದೆ ಸಣ್ಣ ದೋಣಿಯಲ್ಲಿ ಕದನದ ನಡುವೆಯೇ ಕುಳಿತು ರೇಖಾಚಿತ್ರ ಬರೆದವನು. 1674ರಲ್ಲಿ ಎರಡನೆಯ ಚಾರ್ಲ್ಸ್ ದೊರೆ ಸಮುದ್ರ ಕದನಗಳ ರೇಖಾಚಿತ್ರ ತೆಗೆಯಲು ತಂದೆಗೆ, ಅವಕ್ಕೆ ಬಣ್ಣ ತುಂಬಲು ಮಗನಿಗೆ ವರ್ಷಕ್ಕೆ ತಲಾ 100 ಪೌಂಡ್ ವೇತನ ಗೊತ್ತುಮಾಡಿದ. ನೋಡುವುದು ಒಬ್ಬನ ಕೆಲಸ, ಬಣ್ಣ ಬಳಿಯುವುದು ಇನ್ನೊಬ್ಬನದು. ಟರ್ನರ್ ಈ ಪರಂಪರೆಯನ್ನು ಬಲ್ಲವನು. ಕಿರಿಯ ವಾನ್ ಡೆ ವೆಲ್ಡೆಯ ಚಿತ್ರಕ್ಕೆ ಜೋಡಿಯಾಗಿ 1801ರಲ್ಲೇ ಅವನೊಂದು ಕಡಲಚಿತ್ರ ರಚಿಸಿದ್ದ.

ಟ್ರಫಾಲ್ಗರ್‌ಗೂ ಅವನು ಸಿದ್ಧತೆಯಿಲ್ಲದೆ ಕೈಹಾಕಲಿಲ್ಲ. ಕದನದಲ್ಲಿ ಮಡಿದ ನೆಲ್ಸನ್ನನ ದೇಹ ಹೊತ್ತು ‘ವಿಕ್ಟರಿ’ 1805ರ ಡಿಸೆಂಬರಿನಲ್ಲಿ ಮೆಡ್‌ವೇ ನದೀಮುಖಕ್ಕೆ ಬಂದಾಗ ಅಲ್ಲಿಗೆ ಹೋಗಿ ಹಡಗಿನ ಭಾಗಗಳನ್ನು ಚಿತ್ರಿಸಿಕೊಂಡ. ಅದರ ಫಲವಾಗಿ ಬಂದ ಮೊದಲ ಟ್ರಫಾಲ್ಗರ್ ಚಿತ್ರ (1806–08) ಈಗ ಟೇಟ್ ಸಂಗ್ರಹದಲ್ಲಿದೆ. ಅರಮನೆಯ ಕೆಲಸ ಬಂದಾಗ ದೊರೆಯ ಕಡಲ ಚಿತ್ರಕಾರ ಜಾನ್ ಕ್ರಿಶ್ಚಿಯನ್ ಶೆಟ್ಕಿಗೆ ಕಾಗದ ಬರೆದು ‘ವಿಕ್ಟರಿ’ಯ ರೇಖಾಚಿತ್ರಗಳನ್ನು ಕೇಳಿ ಪಡೆದ. ಇಷ್ಟು ಶ್ರದ್ಧೆಯಿಂದ ವಿವರ ಕೂಡಿಸಿದವನಿಗೆ ‘ರೆಡೌಟಬಲ್’ ಮುಳುಗಿದ ದಿನ ಗೊತ್ತಿರಲಿಲ್ಲ ಎನ್ನುವುದನ್ನು ನಾನು ಒಪ್ಪಲಾರೆ.

ನಾವಿಕರು ಮಾತ್ರ ಸುಮ್ಮನಿರಲಿಲ್ಲ. ಟರ್ನರ್ ಅರಮನೆಯಲ್ಲಿ 11 ದಿನ ನಿಂತು, ಬಂದ ನೌಕಾಧಿಕಾರಿಗಳೆಲ್ಲ ಹೇಳಿದಂತೆ ಹಗ್ಗ-ಹಾಯಿಗಳನ್ನು ತಿದ್ದಿದನೆಂದು ಅವನ ಗೆಳೆಯ ಜಾರ್ಜ್ ಜೋನ್ಸ್ ಹೇಳಿದ್ದಾನೆ. ಗಮನಿಸಬೇಕಾದದ್ದು, ಹಗ್ಗಗಳನ್ನು ತಿದ್ದಿದವನು ಕಾಲಕ್ರಮವನ್ನು ತಿದ್ದಲಿಲ್ಲ.

ಏಕೆಂಬುದಕ್ಕೆ ಉತ್ತರ ಚಿತ್ರದ ಮುನ್ನೆಲೆಯಲ್ಲಿದೆ. ಮೊದಲ ಚಿತ್ರದಲ್ಲಿ ಹಡಗಿನ ಅಟ್ಟದ ಮೇಲೆ ಕುಸಿದ ನೆಲ್ಸನ್ ಕಾಣುತ್ತಾನೆ. ಇಲ್ಲಿ ಅವನ ಸ್ಥಾನದಲ್ಲಿ ಇರುವವರು ನೀರಿನಲ್ಲಿ ಒದ್ದಾಡುವ, ದೋಣಿಗೆ ಜೋತುಬಿದ್ದ, ಮುರಿದ ಮರ ಹಿಡಿದ ಹೆಸರಿಲ್ಲದ ನಾವಿಕರು. ಅರ್ಹನಾದವನು ವಿಜಯದ ಗರಿ ಧರಿಸಲಿ ಎಂಬರ್ಥದ ನೆಲ್ಸನ್ನನ ಲ್ಯಾಟಿನ್ ಧ್ಯೇಯವಾಕ್ಯದ ಅಕ್ಷರಗಳೂ ಅವರ ನಡುವೆಯೇ ಇವೆ. ‘ರೆಡೌಟಬಲ್’ನ ಕಪ್ತಾನ ಲೂಕಾ ಕೊಟ್ಟ ವರದಿಯಂತೆ ಆ ಹಡಗಿನ 643 ಜನರಲ್ಲಿ 522 ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ‘ವಿಕ್ಟರಿ’ಯಲ್ಲೇ 57 ಜನ ಸತ್ತರು. ಬೆಳಗಿನ ಆಜ್ಞೆಯನ್ನೂ ಮರುದಿನದ ಸಾವನ್ನೂ ಒಂದೇ ನೋಟದಲ್ಲಿ ಇಡದೆ ಈ ಲೆಕ್ಕವನ್ನು ತೋರಿಸಲು ಬರುತ್ತಿರಲಿಲ್ಲ. ದೊರೆ ಬಯಸಿದ್ದು ವಿಜಯದ ಚಿತ್ರ. ಟರ್ನರ್ ಅದರ ಬೆಲೆಯನ್ನೂ ಜೊತೆಗಿಟ್ಟು ಕೊಟ್ಟ.

ಚಿತ್ರ ಅರಮನೆಯಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. 1829ರಲ್ಲಿ ಅದನ್ನು ಗ್ರೀನಿಚ್ ಆಸ್ಪತ್ರೆಯ ನೌಕಾ ಚಿತ್ರಶಾಲೆಗೆ ಕಳಿಸಲಾಯಿತು. ಆ ಆಸ್ಪತ್ರೆ ವೃದ್ಧ, ಅಂಗವಿಕಲ ನಾವಿಕರ ಆಶ್ರಯಧಾಮವಾಗಿತ್ತು. ಟ್ರಫಾಲ್ಗರ್‌ನಲ್ಲಿ ಕಾದಿದವರೂ ಅಲ್ಲಿದ್ದರು. ಅರಮನೆಯಲ್ಲಿ ಇದ್ದದ್ದಕ್ಕಿಂತ ಅಲ್ಲಿ ಈ ಚಿತ್ರಕ್ಕೆ ಹೆಚ್ಚಿನ ನ್ಯಾಯ ಸಿಕ್ಕಿತೆಂದು ನನಗನಿಸುತ್ತದೆ.

ಕದನದ ಗಂಟೆ-ನಿಮಿಷಗಳಿಗೆ ಈ ಚಿತ್ರ ಆಧಾರವಾಗದು. ಆದರೆ ಆ ಗೆಲುವನ್ನು ಸುಮಾರು 20 ವರ್ಷಗಳ ನಂತರ ಒಬ್ಬ ಕಲಾವಿದ ಹೇಗೆ ತೂಗಿ ನೋಡಿದ ಎಂಬುದಕ್ಕೆ ಇದು ಮೊದಲ ದರ್ಜೆಯ ದಾಖಲೆ. ಆದ್ದರಿಂದ ಇತಿಹಾಸದ ಪುಸ್ತಕಗಳಲ್ಲಿ ಇದನ್ನು ಅಚ್ಚುಹಾಕುವವರು ಕೆಳಗೆ 1805 ಎಂದಷ್ಟೇ ಬರೆಯದೆ, 1824 ಎಂಬುದನ್ನೂ ತಪ್ಪದೆ ನಮೂದಿಸಬೇಕು.